ಕುರ್ಚಿ ಇದೆಯಾ ಅಂತ ಮೊದಲು ಕೇಳಿ

ಬೆಳಗಿನ ಜಾವ ಐದು ಗಂಟೆಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಂತರೆ ರಾಯಚೂರು, ಯಾದಗಿರಿ, ಸಿಂಧನೂರು, ಕುಷ್ಟಗಿ ಕಡೆಯ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಇಳಿಯುವವರಲ್ಲಿ ಅರ್ಧಕ್ಕರ್ಧ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಬ್ಯಾಗಿನಲ್ಲಿ ಕಟಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಒಂದು ಹೊದಿಕೆ, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಆಧಾರ್ ಮತ್ತು ಅಂಕಪಟ್ಟಿ. ಫೋನಿಗೆ ಹೊಸ ಕವರ್ ಕೂಡ ಬಂದಿರುತ್ತದೆ. ಕಾಲಲ್ಲಿ ಮಾತ್ರ ಸವೆದ ಹವಾಯಿ ಚಪ್ಪಲಿ.

ಸಂಬಳ ಎಷ್ಟು, ಊಟ ಕೊಡ್ತಾರಾ, ರೂಮು ಯಾರ ಜೊತೆ ಎಂದು ಮನೆಯವರೆಲ್ಲ ಕೇಳಿಯೇ ಕಳಿಸಿರುತ್ತಾರೆ. ಅದು ನಿಂತು ಮಾಡುವ ಕೆಲಸವೋ ಕೂತು ಮಾಡುವ ಕೆಲಸವೋ ಎಂದು ಕೇಳಿದವರು ತೀರಾ ಅಪರೂಪ. ಊರು ಬಿಟ್ಟು ಬರುವವರಿಗೆ ಸಿಗುವ ಕೆಲಸಗಳನ್ನೇ ನೋಡಿ. ಸೆಕ್ಯುರಿಟಿ ಗಾರ್ಡ್, ಬಟ್ಟೆ ಅಂಗಡಿಯ ಸೇಲ್ಸ್, ಮಾಲ್‌ನ ಬಿಲ್ಲಿಂಗ್ ಕೌಂಟರ್, ಹೋಟೆಲಿನ ಸಪ್ಲೈಯರ್, ಗಾರ್ಮೆಂಟ್ಸ್‌ನ ಚೆಕ್ಕಿಂಗ್ ಮತ್ತು ಇಸ್ತ್ರಿ ವಿಭಾಗ, ಗೋಡೌನಿನ ಪ್ಯಾಕಿಂಗ್, ಹೌಸ್‌ಕೀಪಿಂಗ್, ಗಾರೆ ಕೆಲಸ. ಇವೆಲ್ಲವೂ ಕಾಲಿನ ಮೇಲೆ ನಿಂತ ಉದ್ಯೋಗಗಳು. ಕಾಲು ಕೈಕೊಟ್ಟ ದಿನ ಸಂಬಳವೂ ನಿಲ್ಲುತ್ತದೆ. ಹಾಗಾಗಿ ಈ ವಾರ ಪಾದದ ವಿಷಯವನ್ನೇ ಮಾತಾಡೋಣ.

ನಮ್ಮ ಬೀದಿಯ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಲಿಂಗಸುಗೂರು ಕಡೆಯ ಹುಡುಗನೊಬ್ಬ ಕೆಲಸಕ್ಕಿದ್ದಾನೆ. ರಾತ್ರಿ ಎಂಟಕ್ಕೆ ಬಂದರೆ ಬೆಳಿಗ್ಗೆ ಎಂಟಕ್ಕೆ ಬಿಡುಗಡೆ. ಒಂದು ಮುಂಜಾನೆ ಅವನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಗೇಟಿನ ಕಂಬಿ ಹಿಡಿದು ನಿಂತಿದ್ದ. ಯಾಕಪ್ಪಾ, ಕಾಲು ನೋವಾ ಎಂದು ಕೇಳಿದೆ.

“ಬೂಟ್ ಒಂದ್ ನಂಬರ್ ಸಣ್ಣ ಬಂದಾವ್ರೀ ಸರ. ಆಫೀಸನ್ಯಾಗ ಇದ್ದದ್ದು ಇದ ಜೋಡಿ ಅಂದ್ರು, ಹಾಕ್ಕೊಂಡು ಬಂದೆ.”

“ಕುರ್ಚಿ ಕೊಟ್ಟಿಲ್ವಾ?”

“ಕೊಟ್ಟಾರ್ರೀ. ಕುಂತ್ರ ಫೋಟೋ ಹೊಡದು ಗ್ರೂಪಿಗೆ ಹಾಕ್ತಾರ್ರೀ.”

ಬೂಟು ಬಿಚ್ಚಿ ತೋರಿಸಿದ. ಹಿಮ್ಮಡಿಯ ಹಿಂದೆ ಗುಳ್ಳೆ ಒಡೆದು, ಕಾಲುಚೀಲದ ನೂಲು ಹಸಿ ಗಾಯಕ್ಕೆ ಅಂಟಿಕೊಂಡಿತ್ತು. ಗಾಯದ ಮೇಲೆ ಇಟ್ಟಿದ್ದು ನಾಲ್ಕು ಮಡಿಕೆ ಮಾಡಿದ ಬಸ್ ಟಿಕೆಟ್. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಊರಲ್ಲಿ ಹತ್ತಿ ಬಿಡಿಸಿದ, ಭತ್ತದ ಗದ್ದೆಯಲ್ಲಿ ದಿನವಿಡೀ ನಡೆದ ಕಾಲು ಅದು. ಅಂಥ ಕಾಲು ಬೆಂಗಳೂರಿನ ಗೇಟೊಂದರಲ್ಲಿ ಕೆಲವೇ ದಿನಗಳಲ್ಲಿ ಸೋತಿತ್ತು.

ಯಾಕೆ ಹೀಗೆ? ಊರಿನ ಹಿರಿಯರು ಕೇಳುವ ಪ್ರಶ್ನೆಯೂ ಇದೇ. ನಾವು ಬರಿಗಾಲಲ್ಲಿ ಬೆಟ್ಟ ಹತ್ತಿ ಇಳಿದವರು, ಇವರಿಗೆ ಬೂಟು ಹಾಕಿ ನೆರಳಲ್ಲಿ ನಿಂತರೂ ನೋವೇ ಎನ್ನುತ್ತಾರೆ. ಉತ್ತರ ಇರುವುದು ನಡೆಯುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸದಲ್ಲಿ. ಕಾಲಿಗೆ ಇಳಿದ ರಕ್ತ ಮತ್ತೆ ಹೃದಯಕ್ಕೆ ಏರಬೇಕಾದರೆ ಮೀನಖಂಡದ ಸ್ನಾಯು ಹಿಂಡಬೇಕು. ಪ್ರತಿ ಹೆಜ್ಜೆಗೂ ಆ ಸ್ನಾಯು ಬಿಗಿಯಾಗಿ ರಕ್ತನಾಳವನ್ನು ಒತ್ತಿ ರಕ್ತವನ್ನು ಮೇಲಕ್ಕೆ ದಬ್ಬುತ್ತದೆ. ರಕ್ತನಾಳದೊಳಗಿನ ಪುಟ್ಟ ಕವಾಟಗಳು ಅದು ವಾಪಸ್ ಇಳಿಯದಂತೆ ತಡೆಯುತ್ತವೆ. ಅಲುಗಾಡದೆ ನಿಂತರೆ ಈ ಪಂಪು ಕೆಲಸ ಮಾಡುವುದಿಲ್ಲ. ರಕ್ತ ಕೆಳಗೇ ನಿಲ್ಲುತ್ತದೆ, ಕಣಕಾಲು ಊದುತ್ತದೆ, ಸಂಜೆಗೆ ಕಾಲು ಜಗ್ಗತೊಡಗುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಕವಾಟಗಳು ಸಡಿಲವಾಗಿ, ರಕ್ತನಾಳ ಉಬ್ಬಿ ಹುರಿಹುರಿಯಾಗಿ ಕಾಣುತ್ತದೆ. ವೆರಿಕೋಸ್ ವೇನ್ಸ್ ಎಂದು ಡಾಕ್ಟರು ಹೇಳುವುದು ಇದನ್ನೇ. ಹೋಟೆಲಿನ ಹಳೆಯ ಅಡುಗೆಯವರ, ಟ್ರಾಫಿಕ್ ಪೊಲೀಸರ, ನರ್ಸುಗಳ, ಮೇಷ್ಟ್ರುಗಳ ಕಾಲಲ್ಲಿ ಇದನ್ನು ನೀವೂ ನೋಡಿರುತ್ತೀರಿ.

ಇನ್ನೊಂದು ಕಾರಣ ನೆಲ. ಹೊಲದ ಮಣ್ಣು ಪಾದಕ್ಕೆ ಜಾಗ ಕೊಡುತ್ತದೆ, ಒಂದು ಹೆಜ್ಜೆ ಇಟ್ಟಂತೆ ಇನ್ನೊಂದು ಇರುವುದಿಲ್ಲ. ಕಾಂಕ್ರೀಟು, ಗ್ರಾನೈಟು, ವಿಟ್ರಿಫೈಡ್ ಟೈಲು ಒಂದಿಷ್ಟೂ ಬಗ್ಗುವುದಿಲ್ಲ. ಒಂದೊಂದು ಪಾದದಲ್ಲೂ 26 ಮೂಳೆಗಳಿವೆ, ಅವುಗಳನ್ನು ಕಮಾನಿನಂತೆ ಹಿಡಿದಿಡುವ ದಪ್ಪನೆಯ ಪಟ್ಟಿಯೊಂದು ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಹಾದುಹೋಗಿದೆ. ಬಗ್ಗದ ನೆಲದ ಮೇಲೆ ಹನ್ನೆರಡು ತಾಸು ನಿಂತರೆ ಆ ಪಟ್ಟಿ ಎಳೆತಕ್ಕೆ ಸಿಕ್ಕಿ ನೋಯುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ ಎನ್ನುವವರಿಗೆ ಆಗಿರುವುದು ಬಹುಮಟ್ಟಿಗೆ ಇದೇ. ಸ್ವಲ್ಪ ನಡೆದ ಮೇಲೆ ಕಡಿಮೆಯಾಗುತ್ತದೆ ಎಂದು ಸುಮ್ಮನಾಗಬೇಡಿ. ಸುಮ್ಮನಾದಷ್ಟೂ ವಾಸಿಯಾಗಲು ತಿಂಗಳುಗಳು ಹಿಡಿಯುತ್ತವೆ.

ಆದ್ದರಿಂದ ಕೆಲಸ ಒಪ್ಪುವ ಮೊದಲು ಫೋನಿನಲ್ಲೇ ನಾಲ್ಕು ಮಾತು ಕೇಳಿ. ದಿನಕ್ಕೆ ಎಷ್ಟು ತಾಸು ನಿಲ್ಲಬೇಕು? ಕೂರಲು ಏನಾದರೂ ಇದೆಯಾ, ಇದ್ದರೆ ಕೂರಲು ಬಿಡುತ್ತಾರಾ? ಬೂಟು ಅವರೇ ಕೊಡುತ್ತಾರಾ, ನನ್ನ ಅಳತೆಯದ್ದು ಸಿಗುತ್ತದಾ? ಅದರ ದುಡ್ಡನ್ನು ಸಂಬಳದಲ್ಲಿ ಹಿಡಿಯುತ್ತಾರಾ? ಏಜೆಂಟನನ್ನು ಕೇಳಿದರೆ ಎಲ್ಲದಕ್ಕೂ ಹೂಂ ಎನ್ನುತ್ತಾನೆ. ಅಲ್ಲೇ ಈಗಾಗಲೇ ದುಡಿಯುತ್ತಿರುವ ನಿಮ್ಮೂರಿನವರನ್ನು ಕೇಳಿ, ಅವರು ನಿಜ ಹೇಳುತ್ತಾರೆ. ಸಂಬಳದಲ್ಲಿ ಸಾವಿರ ರೂಪಾಯಿ ಹೆಚ್ಚು ಕಡಿಮೆ ಇದ್ದ ಎರಡು ಕೆಲಸಗಳ ನಡುವೆ ಆಯ್ಕೆ ಇದ್ದರೆ, ಕೂರಲು ಬಿಡುವ ಕಡೆಗೆ ಹೋಗಿ ಎಂಬುದು ನನ್ನ ಸ್ಪಷ್ಟ ಸಲಹೆ. ಆ ಸಾವಿರ ರೂಪಾಯಿ ಆರು ತಿಂಗಳಲ್ಲಿ ಎಕ್ಸ್‌ರೇ, ಮಾತ್ರೆ, ರಜೆಯ ಕಡಿತಗಳಿಗೇ ಹೋಗಿಬಿಡುತ್ತದೆ.

ರೂಮು ಹುಡುಕುವಾಗಲೂ ಕಾಲಿನ ಲೆಕ್ಕವೇ ಮೊದಲಾಗಲಿ. ಬಾಡಿಗೆ ಐನೂರು ರೂಪಾಯಿ ಕಡಿಮೆ ಎಂದು ಬಸ್ ಸ್ಟಾಪಿನಿಂದ ಎರಡು ಕಿಲೋಮೀಟರ್ ಒಳಗಿನ ರೂಮು ಹಿಡಿಯುತ್ತಾರೆ. ಅದೂ ಲಿಫ್ಟಿಲ್ಲದ ನಾಲ್ಕನೇ ಮಹಡಿ, ನೀರು ಬರದ ದಿನ ಕೊಡ ಹೊತ್ತು ಹತ್ತಬೇಕು. ದಿನವಿಡೀ ನಿಂತವರಿಗೆ ಹೋಗಿ ಬರುವ ನಾಲ್ಕು ಕಿಲೋಮೀಟರ್ ನಡಿಗೆ ವ್ಯಾಯಾಮವಲ್ಲ, ಇನ್ನೊಂದು ಪಾಳಿ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಗುಂಪಾಗಿ ರೂಮು ಮಾಡುವಾಗ ಫ್ಯಾಕ್ಟರಿಯ ಹತ್ತಿರವೇ ಹುಡುಕುತ್ತಾರೆ. ಅದು ಅನುಭವ ಕಲಿಸಿದ ಲೆಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಖರ್ಚು ಉಳಿದಿರುವುದರಿಂದ ಹೆಣ್ಣುಮಕ್ಕಳಿಗೆ ಒಂದು ಅನುಕೂಲವಿದೆ. ಕೆಲಸದ ಜಾಗಕ್ಕೆ ತುಸು ದೂರವಾದರೂ ಸರಿ, ಬಸ್ ಸ್ಟಾಪಿಗೆ ಅಂಟಿಕೊಂಡ ರೂಮನ್ನು ಹಿಡಿಯಬಹುದು.

ರೂಮಿನ ಬಚ್ಚಲ ನೆಲವನ್ನೊಮ್ಮೆ ನೋಡಿ. ಪಾಚಿ ಹಿಡಿದ, ಎಂಟು ಜನ ಬಳಸುವ ಬಚ್ಚಲಿಗೆ ಬರಿಗಾಲಲ್ಲಿ ಹೋದರೆ ಬೆರಳಸಂದಿಯ ಫಂಗಸ್ ಒಬ್ಬರಿಂದ ಎಲ್ಲರಿಗೂ ಹತ್ತುತ್ತದೆ. ಅಲ್ಲಿಗೆಂದೇ ಒಂದು ಜೊತೆ ರಬ್ಬರ್ ಚಪ್ಪಲಿ ಇಟ್ಟುಕೊಳ್ಳಿ.

ಇನ್ನು ಬೂಟಿನ ವಿಷಯ. ಇಲ್ಲಿ ನಿಧಾನವಾಗಿ ಹೇಳುವುದು ಬಹಳ ಇದೆ. ಮೊದಲನೆಯದಾಗಿ, ಊರಿನಿಂದ ಹೊರಡುವವರಿಗೆ ಮನೆಯವರು ಕೊಡಬಹುದಾದ ಒಳ್ಳೆಯ ಉಡುಗೊರೆ ಒಂದು ಜೊತೆ ಸರಿಯಾದ ಬೂಟು. ಮೊದಲ ಸಂಬಳ ಬಂದ ಮೇಲೆ ತಗೊಂಡರಾಯಿತು ಎಂದು ಮುಂದೂಡಬೇಡಿ, ಕಾಲು ಕೆಡುವುದು ಆ ಮೊದಲ ತಿಂಗಳಲ್ಲೇ. ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸಂಜೆಗೆ ತುಸು ಊದಿರುತ್ತದೆ, ಬೆಳಿಗ್ಗೆ ಸರಿಹೋದ ಬೂಟು ಸಂಜೆ ಕಚ್ಚುತ್ತದೆ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ಎರಡೂ ಕಾಲಿಗೆ ಹಾಕಿ. ಬಹಳ ಜನರಿಗೆ ಒಂದು ಪಾದ ಇನ್ನೊಂದಕ್ಕಿಂತ ಕೊಂಚ ದೊಡ್ಡದು, ಬೂಟಿನ ಅಳತೆ ದೊಡ್ಡ ಪಾದದ್ದೇ ಆಗಬೇಕು. ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ನಿಮ್ಮ ಕೈಯ ಹೆಬ್ಬೆರಳಿನಷ್ಟು ಅಗಲದ ಜಾಗ ಉಳಿಯಬೇಕು. ನಂಬರು ನಂಬಬೇಡಿ, ಒಂದು ಕಂಪನಿಯ ಎಂಟು ಇನ್ನೊಂದರ ಏಳೂವರೆ.

ಅಂಗಡಿಗೆ ನೀವೇ ಹೋಗಲಾಗದಿದ್ದರೆ, ಅಥವಾ ಊರಲ್ಲಿರುವ ತಮ್ಮನಿಗೆ ಬೆಂಗಳೂರಿನಿಂದ ಕೊಂಡೊಯ್ಯುವುದಿದ್ದರೆ, ಬಿಳಿ ಹಾಳೆಯ ಮೇಲೆ ಪಾದವಿಟ್ಟು ನಿಂತು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ಪೆನ್ಸಿಲನ್ನು ನೇರವಾಗಿ ಹಿಡಿಯಬೇಕು, ಒಳಕ್ಕೆ ಓರೆಯಾದರೆ ಅಳತೆ ಸಣ್ಣದಾಗುತ್ತದೆ. ಗೆರೆಯ ಮೇಲೆ ಕತ್ತರಿಸಿ ಆ ಕಾಗದದ ಪಾದವನ್ನು ಬೂಟಿನೊಳಗೆ ಹಾಸಿ ನೋಡಿ. ಅಂಚು ಮಡಚಿಕೊಂಡರೆ ಆ ಬೂಟು ಬೇಡ. ನಮ್ಮ ಜನರ, ಅದರಲ್ಲೂ ಬರಿಗಾಲಲ್ಲಿ ಬೆಳೆದವರ ಪಾದ ಬೆರಳಿನ ಕಡೆ ಅಗಲ. ಮುಂದೆ ಚೂಪಾದ ಬೂಟು ಅವರಿಗೆಂದೇ ಮಾಡಿದ ಶಿಕ್ಷೆ.

ಬೂಟನ್ನು ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಬಗ್ಗಬೇಕು, ನಡುವಿನಲ್ಲಿ ಮಡಚಿಕೊಳ್ಳಬಾರದು. ಹಿಮ್ಮಡಿ ಕೂರುವ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಲಭವಾಗಿ ಕುಸಿಯಬಾರದು. ಅಟ್ಟೆ ತೀರಾ ತೆಳುವಾಗಿರಬಾರದು, ಒಳಗಿನ ಮೆತ್ತೆ ತೆಗೆದು ತೊಳೆಯುವಂತಿದ್ದರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಬೆವರಿದ ಬೂಟು ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಒದ್ದೆ ಬೂಟಿನಲ್ಲೇ ಫಂಗಸ್ ಬೆಳೆಯುವುದು. ಮಳೆಗಾಲದಲ್ಲಿ ನೆಂದ ಬೂಟಿನೊಳಗೆ ಹಳೆಯ ದಿನಪತ್ರಿಕೆ ತುರುಕಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಹೀರಿರುತ್ತದೆ. ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ತೊಗಲು ಸೆಟೆದು ಮತ್ತೆ ಕಚ್ಚುತ್ತದೆ.

ಹೊಸ ಬೂಟನ್ನು ಮೊದಲ ದಿನವೇ ಹನ್ನೆರಡು ತಾಸು ಹಾಕಬೇಡಿ. ಹೊರಡುವುದಕ್ಕೆ ಒಂದು ವಾರ ಮೊದಲೇ ಕೊಂಡು, ಮನೆಯಲ್ಲಿ ದಿನಾ ಒಂದೆರಡು ತಾಸು ಹಾಕಿ ನಡೆದು ಪಳಗಿಸಿ.

ನಮ್ಮದೇ ನಾಡಿನ ಒಳ್ಳೆಯ ಪಾದರಕ್ಷೆಗಳಿವೆ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಅಥಣಿ, ನಿಪ್ಪಾಣಿ ಸುತ್ತಲಿನ ಮನೆಗಳಲ್ಲಿ ಕೈಯಿಂದ ಹೊಲಿಯುವ ಈ ಚಪ್ಪಲಿಗಳು ಹೊಲದ ದಾರಿಗೆ, ಜಾತ್ರೆಗೆ, ಬಿಸಿಲಿಗೆ ಹೇಳಿ ಮಾಡಿಸಿದವು. ಪಾದದ ಆಕಾರಕ್ಕೆ ಅವು ಹೊಂದಿಕೊಳ್ಳುವ ಬಗೆಯೇ ಬೇರೆ. ಆದರೆ ಹಿಮ್ಮಡಿಯ ಕೆಳಗೆ ಮೆತ್ತೆ ಇಲ್ಲ, ಹಿಂದೆ ಹಿಡಿಯುವ ಬಾರಿಲ್ಲ. ಟೈಲ್ಸಿನ ಮೇಲೆ ಇಡೀ ದಿನ ನಿಲ್ಲುವ ಕೆಲಸಕ್ಕೆ ಅವು ಆಗುವುದಿಲ್ಲ. ಹವಾಯಿ ಚಪ್ಪಲಿಯಂತೂ ಬೇಡವೇ ಬೇಡ. ಅದು ಜಾರದಂತೆ ಹಿಡಿಯಲು ಬೆರಳುಗಳು ಪ್ರತಿ ಹೆಜ್ಜೆಗೂ ಬಿಗಿಯಾಗಬೇಕು, ಉಂಗುಷ್ಟ ಕಿತ್ತು ಪಿನ್ನು ಹಾಕಿದ ಮೇಲಂತೂ ಮೆಟ್ಟಿಲ ಮೇಲೆ ಅಪಾಯ ಕಾದಿರುತ್ತದೆ. ಸರ್ಕಾರದ ಲಿಡ್ಕರ್ ಮಳಿಗೆಗಳಲ್ಲಿ ಚರ್ಮದ ಗಟ್ಟಿ ಬೂಟು ಸಿಗುತ್ತದೆ. ಹಾಗೆಯೇ ನಿಮ್ಮ ರಸ್ತೆಯ ಮೂಲೆಯಲ್ಲಿ ಚಪ್ಪಲಿ ಹೊಲಿಯಲು ಕೂತವರನ್ನು ಗುರುತು ಮಾಡಿಕೊಳ್ಳಿ. ಸವೆದ ಹಿಮ್ಮಡಿಗೆ ರಬ್ಬರ್ ಹಾಕಿಸುವುದು, ಒಳಗೆ ಚುಚ್ಚುವ ಹೊಲಿಗೆ ಬಡಿದು ಮಟ್ಟ ಮಾಡಿಸುವುದು, ಬಿಗಿಯಾದ ಜಾಗವನ್ನು ಸಡಿಲಿಸುವುದು ಅವರ ಕೈಯಲ್ಲಿ ಹತ್ತು ನಿಮಿಷದ ಕೆಲಸ. ನಿಂತು ದುಡಿಯುವ ಊರಿನಲ್ಲಿ ಡಾಕ್ಟರಿಗಿಂತ ಮೊದಲು ಪರಿಚಯವಾಗಬೇಕಾದವರು ಅವರು.

ಗಾರೆ ಕೆಲಸಕ್ಕೆ ಹೋಗುವವರ ಕಥೆ ಬೇರೆಯೇ. ಗುಳೆ ಹೋದ ಕುಟುಂಬಗಳು ಸೆಂಟ್ರಿಂಗ್ ಹಲಗೆ, ಕಬ್ಬಿಣದ ಚೂರು, ಹಸಿ ಸಿಮೆಂಟಿನ ನಡುವೆ ಹವಾಯಿ ಚಪ್ಪಲಿಯಲ್ಲಿ ಓಡಾಡುವುದನ್ನು ದಿನಾ ನೋಡುತ್ತೇವೆ. ಹಸಿ ಸಿಮೆಂಟು ಬಲವಾದ ಕ್ಷಾರ. ಅದು ಚರ್ಮ ಸುಡುತ್ತಿರುವುದು ಆ ಹೊತ್ತಿಗೆ ಗೊತ್ತೇ ಆಗುವುದಿಲ್ಲ, ರಾತ್ರಿ ಮಲಗುವ ಹೊತ್ತಿಗೆ ಉರಿ ಏಳುತ್ತದೆ, ಮರುದಿನ ಹುಣ್ಣು. ಗಂಬೂಟಿನೊಳಗೆ ಸಿಮೆಂಟ್ ನೀರು ಹೊಕ್ಕರೆ ಇನ್ನೂ ಕಷ್ಟ, ಹೊರಗೆ ಒಣಗಿ ಉದುರುವುದು ಒಳಗೆ ಕಾಲಿಗಂಟಿ ಕೂತಿರುತ್ತದೆ. ಕೂಡಲೇ ಬೂಟು, ಕಾಲುಚೀಲ ತೆಗೆದು ಹರಿಯುವ ಒಳ್ಳೆಯ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಬೇಕು. ಮೊಳೆ ಚುಚ್ಚಿದರೆ ಅರಿಸಿನ ಮೆತ್ತಿ ಕೆಲಸ ಮುಂದುವರಿಸುವುದಲ್ಲ. ಸೋಪಿನಿಂದ ತೊಳೆದು, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ತೋರಿಸಿ ಟೆಟನಸ್ ಚುಚ್ಚುಮದ್ದು ಬೇಕೇ ಎಂದು ಕೇಳಿ.

ಇಲ್ಲಿ ಬೇಕಾಗುವುದು ಸೇಫ್ಟಿ ಶೂ. ಕೊಳ್ಳುವಾಗ ಐಎಸ್ಐ ಗುರುತು ಮತ್ತು ಐಎಸ್ 15298 ಎಂಬ ಸಂಖ್ಯೆ ನೋಡಿ. ಅಂಥ ಬೂಟಿನ ಬೆರಳ ಮೇಲಿನ ಕವಚ 200 ಜೌಲ್‌ನ ಹೊಡೆತ ತಡೆಯಬೇಕೆಂಬ ನಿಯಮವಿದೆ. ಇಪ್ಪತ್ತು ಕಿಲೋ ಭಾರ ಒಂದು ಮೀಟರ್ ಎತ್ತರದಿಂದ ಬಿದ್ದರೆ ಆಗುವಷ್ಟು ಹೊಡೆತ ಅದು. ಗುರುತಿಲ್ಲದ ಅಗ್ಗದ ಬೂಟಿನಲ್ಲಿ ಕವಚವಿದೆಯೋ ಬರೀ ದಪ್ಪ ರಟ್ಟಿದೆಯೋ ಹೇಳುವವರಿಲ್ಲ. ಈ ಬೂಟನ್ನು ಕೊಡಬೇಕಾದ್ದು ಕೆಲಸ ಕೊಡುವವನ ಹೊಣೆ, ಮೇಸ್ತ್ರಿಯನ್ನು ಸಂಕೋಚವಿಲ್ಲದೆ ಕೇಳಿ. ಹಾಗೆಯೇ 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿಕೊಳ್ಳಬೇಕು. ಅಪಘಾತವಾದ ಮೇಲೆ ಕಾರ್ಡು ಮಾಡಿಸಲು ಓಡುವುದು ನಮ್ಮಲ್ಲಿ ಮಾಮೂಲು, ದಯವಿಟ್ಟು ಮೊದಲೇ ಮಾಡಿಸಿ.

ಕೆಲಸದ ಹೊತ್ತಿನಲ್ಲಿ ಕೂರಲು ಬಿಡದಿದ್ದರೂ ಮಾಡಬಹುದಾದದ್ದು ಕೊಂಚ ಇದೆ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಹೀಗೆ ಹತ್ತು ಹದಿನೈದು ಸಲ, ತಾಸಿಗೊಮ್ಮೆ. ಮೀನಖಂಡದ ಪಂಪು ಆಗ ಮತ್ತೆ ಓಡುತ್ತದೆ. ಕೌಂಟರಿನ ಕೆಳಗೆ ಒಂದು ಇಟ್ಟಿಗೆಯನ್ನೋ ಸಣ್ಣ ಪೆಟ್ಟಿಗೆಯನ್ನೋ ಇಟ್ಟು ಸರದಿಯಂತೆ ಒಂದೊಂದು ಕಾಲನ್ನು ಅದರ ಮೇಲಿಟ್ಟರೆ ಸೊಂಟಕ್ಕೂ ಆರಾಮ. ರೂಮಿಗೆ ಬಂದ ಮೇಲೆ ಕಾಲು ತೊಳೆದು ಬೆರಳಸಂದಿ ಒರೆಸಿ ಒಣಗಿಸಿ. ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ಆಮೇಲೆ ಗೋಡೆಗೆ ಕಾಲು ಚಾಚಿ ಎತ್ತರಕ್ಕಿಟ್ಟು ಹದಿನೈದು ನಿಮಿಷ ಅಂಗಾತ ಮಲಗಿ, ದಿನವಿಡೀ ಕೆಳಗೆ ನಿಂತ ರಕ್ತ ಇಳಿದು ಬರುತ್ತದೆ. ಹಿಮ್ಮಡಿ ನೋವಿಗೆ ತಣ್ಣೀರು ತುಂಬಿದ ಬಾಟಲಿಯನ್ನು ನೆಲದ ಮೇಲಿಟ್ಟು ಅಂಗಾಲಿನಿಂದ ಹಿಂದೆ ಮುಂದೆ ಉರುಳಿಸಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಕಾಲುಚೀಲ ಹಾಕಿ ಮಲಗಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಒಳಕ್ಕೆ ಕೊರೆದರೆ ಅದು ಮಾಂಸದೊಳಗೆ ಬೆಳೆದು ಕೀವು ತುಂಬುತ್ತದೆ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ನೋಯತೊಡಗಿದರೆ ಮಾತ್ರ ಮನೆಮದ್ದು ಬೇಡ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಮರುದಿನ ಹೀಗಾದರೂ ಸರಿ, ಅಂದೇ ಡಾಕ್ಟರಲ್ಲಿಗೆ ಹೋಗಬೇಕು. ರಕ್ತ ಹೆಪ್ಪುಗಟ್ಟಿರಬಹುದು, ಅದು ಜೀವಕ್ಕೇ ಅಪಾಯ.

ಸಕ್ಕರೆ ಕಾಯಿಲೆ ಇರುವವರಿಗೆ ಬೇರೆಯದೇ ಮಾತು ಹೇಳಬೇಕು. ನಲವತ್ತು ದಾಟಿ, ಮಗಳ ಮದುವೆಯ ಸಾಲ ತೀರಿಸಲೆಂದು ಊರು ಬಿಟ್ಟು ಬಂದು ಗಾರ್ಡ್ ಕೆಲಸಕ್ಕೆ ನಿಂತವರು ಎಷ್ಟೋ ಜನ. ಅವರಲ್ಲಿ ಕೆಲವರು ಕಾಲು ಈಗ ನೋಯುವುದೇ ಇಲ್ಲ, ಅಭ್ಯಾಸವಾಗಿದೆ ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ನೋವು ಹೋದದ್ದು ಅಭ್ಯಾಸದಿಂದ ಇರಲಿಕ್ಕಿಲ್ಲ, ನರಗಳು ಸ್ಪರ್ಶ ಕಳೆದುಕೊಂಡಿರಬಹುದು.

ನೋವು ತಿಳಿಯದಿರುವುದೇ ದೊಡ್ಡ ಅಪಾಯ ಎಂದು ಜಗತ್ತಿಗೆ ತಿಳಿಸಿಕೊಟ್ಟ ಕೆಲಸ ನಡೆದದ್ದು ನಮ್ಮ ಪಕ್ಕದ ವೆಲ್ಲೂರಿನಲ್ಲಿ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಬ್ರ್ಯಾಂಡ್ ಮತ್ತು ಅವರ ಜೊತೆಗಾರರು ರೋಗಿಗಳ ದಿನಚರಿಯನ್ನೇ ಹಿಂಬಾಲಿಸಿ ನೋಡಿದರು. ಸುಡುವ ಪಾತ್ರೆಯನ್ನು ಬರಿಗೈಲಿ ಹಿಡಿಯುವುದು, ಮೊಳೆ ಎದ್ದ ಚಪ್ಪಲಿಯಲ್ಲೇ ದಿನವಿಡೀ ನಡೆಯುವುದು, ರಾತ್ರಿ ಮಲಗಿದಾಗ ಇಲಿ ಕಚ್ಚಿದರೂ ಎಚ್ಚರವಾಗದಿರುವುದು ಅವರ ಕಣ್ಣಿಗೆ ಬಿತ್ತು. ಬೆರಳು ಹೋಗುತ್ತಿದ್ದದ್ದು ನೋವು ತಿಳಿಯದ ಕಾರಣಕ್ಕೆ. ಅಲ್ಲಿಂದ ಅವರ ಗಮನ ಚಪ್ಪಲಿಯ ಮೇಲೆ ಬಿತ್ತು, ಎಂಸಿಆರ್ ಎಂದು ಕರೆಯುವ ಸಣ್ಣ ಸಣ್ಣ ಗಾಳಿರಂಧ್ರಗಳ ಮೆತ್ತನೆಯ ರಬ್ಬರಿನ ಚಪ್ಪಲಿ ಬಳಕೆಗೆ ಬಂತು. ಅದೇ ಎಂಸಿಆರ್ ಚಪ್ಪಲಿಯನ್ನು ಇವತ್ತು ಸಕ್ಕರೆ ಕಾಯಿಲೆಯವರಿಗೂ ಡಾಕ್ಟರು ಬರೆದುಕೊಡುತ್ತಾರೆ.

ಆದ್ದರಿಂದ ಸಕ್ಕರೆ ಕಾಯಿಲೆ ಇದ್ದವರು ಬೂಟು ಹಾಕುವ ಮೊದಲು ಅದನ್ನು ಬೋರಲು ಮಾಡಿ ಕೊಡವಿ, ಒಳಗೆ ಕೈಯಾಡಿಸಿ. ಒಂದು ಕಲ್ಲುಹರಳು, ಒಂದು ಹೊಲಿಗೆಯ ತುದಿ ಸಾಕು. ರಾತ್ರಿ ಅಂಗಾಲನ್ನು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಕನ್ನಡಿ ನೆಲದ ಮೇಲಿಟ್ಟು ನೋಡಿ, ಇಲ್ಲವೇ ಫೋನಿನಲ್ಲಿ ಫೋಟೋ ತೆಗೆದು ನೋಡಿ. ಕಾಲಿಗೆ ಬಿಸಿನೀರ ಶಾಖ ಕೊಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿ ಹಾಕಬೇಡಿ, ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಆಸ್ಪತ್ರೆಗೆ ಹೋದಾಗ ಕಾಲನ್ನೂ ನೋಡಿ ಎಂದು ನೀವೇ ಕೇಳಿ. ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ ಗೊತ್ತಾಗುತ್ತದೆಯೇ ಎಂದು ನೋಡುವ ಪರೀಕ್ಷೆ ಎರಡು ನಿಮಿಷದ್ದು. ಸಂಬಳದ ಚೀಟಿಯಲ್ಲಿ ಇಎಸ್ಐ ಕಡಿತ ಕಾಣುತ್ತಿದ್ದರೆ ಇಎಸ್ಐ ಆಸ್ಪತ್ರೆಯ ಚಿಕಿತ್ಸೆ ನಿಮ್ಮ ಹಕ್ಕು. 2017ರಲ್ಲಿ ಅದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು, ಹಾಗಾಗಿ ನಿಂತು ದುಡಿಯುವ ಬಹಳಷ್ಟು ಮಂದಿ ಅದರೊಳಗೆ ಬರುತ್ತಾರೆ. ಹಣ ಕಡಿತವಾಗುತ್ತಿದ್ದೂ ಕಾರ್ಡು ಕೈಗೆ ಬರದವರು ಅದನ್ನು ಇವತ್ತೇ ಕೇಳಿ ಪಡೆಯಬೇಕು.

ಇಷ್ಟೆಲ್ಲ ಎಚ್ಚರಿಕೆಯನ್ನು ದುಡಿಯುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಒಳ್ಳೆಯ ಬೂಟು ಹಾಕಿದರೂ ಹನ್ನೆರಡು ತಾಸು ನಿಲ್ಲಿಸುವುದು ಹಿಂಸೆಯೇ. ಕೇರಳದ ಕೋಝಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಈ ಮಾತನ್ನು ಬಹಳ ಹಿಂದೆಯೇ ಆಡಿದರು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ, ಗೋಡೆಗೊರಗಿದರೂ ದಂಡ, ಶೌಚಾಲಯವಿಲ್ಲದ್ದರಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ದರ್ಜಿ ಕೆಲಸ ಮಾಡುತ್ತಿದ್ದ ಪಿ. ವಿಜಿ ಅವರು ಪೆಣ್‌ಕೂಟ್ಟು ಎಂಬ ಸಂಘಟನೆಯ ಮೂಲಕ ಈ ಹೆಂಗಸರನ್ನು ಸೇರಿಸಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು ಕೇಳಿದರು. ವರ್ಷಗಳ ಹೋರಾಟದ ನಂತರ 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಆಸನ ಕಡ್ಡಾಯ ಮಾಡಿತು. ಅದೇ ವರ್ಷ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿಯವರ ಹೆಸರು ಬಂತು. 2021ರಲ್ಲಿ ತಮಿಳುನಾಡೂ ಅಂಥದ್ದೇ ತಿದ್ದುಪಡಿ ಮಾಡಿತು.

ಇದು ಹೊಸ ವಿಚಾರವೂ ಅಲ್ಲ. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲೇ ನಿಂತು ದುಡಿಯಬೇಕಾದ ಕಾರ್ಮಿಕರೆಲ್ಲರಿಗೂ ಕೂರುವ ವ್ಯವಸ್ಥೆ ಇರಬೇಕು, ಬಿಡುವು ಸಿಕ್ಕಾಗ ಅವರು ಕೂರುವಂತಾಗಬೇಕು ಎಂದು ಬರೆದಿತ್ತು. ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆಯಲ್ಲೂ ನಿಂತು ದುಡಿಯುವವರಿಗೆ ಆಸನದ ಮಾತಿದೆ. ಆದರೆ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯ ದೊಡ್ಡ ಬಟ್ಟೆ ಅಂಗಡಿಗಳಿಗೆ ಹೋಗಿ ನೋಡಿ. ನಮಗೆ ಸೀರೆ ತೋರಿಸಲು ಮೆತ್ತೆ ಹಾಸಿದ ಆಸನವಿದೆ, ನೂರು ಸೀರೆ ಬಿಚ್ಚಿ ಮಡಚುವ ಹುಡುಗಿಗೆ ಒಂದು ಸ್ಟೂಲಿಲ್ಲ. ಕಾರ್ಮಿಕ ಇಲಾಖೆಯ ತಪಾಸಣೆಯಲ್ಲಿ ಈ ಸ್ಟೂಲನ್ನೂ ಎಣಿಸಬೇಕು. ನಾವು ಗಿರಾಕಿಗಳೂ ಮಾತಾಡಬೇಕು. “ಕೂತ್ಕೊಂಡೇ ತೋರಿಸಮ್ಮ” ಎಂದು ಆ ಹುಡುಗಿಗೆ ಹೇಳಿ, ಹೊರಡುವಾಗ ಮ್ಯಾನೇಜರಿಗೂ ಅದನ್ನೇ ಹೇಳಿ. ಗಿರಾಕಿಗೆ ಬೇಸರವಾಗುತ್ತದೆ ಎಂಬ ನೆವ ಒಡ್ಡಿಯೇ ಅವರನ್ನು ನಿಲ್ಲಿಸಿರುತ್ತಾರೆ. ಆ ನೆವವನ್ನು ತೆಗೆದುಹಾಕಲು ಗಿರಾಕಿಯಿಂದಷ್ಟೇ ಸಾಧ್ಯ.

ಅಪಾರ್ಟ್‌ಮೆಂಟುಗಳಲ್ಲಿರುವ ಓದುಗರಿಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಇಡಿ. ಗೇಟಿಗೆ ಬೆನ್ನಿರುವ ಒಂದು ಗಟ್ಟಿ ಕುರ್ಚಿ, ನಿಲ್ಲುವ ಜಾಗಕ್ಕೆ ಒಂದು ದಪ್ಪ ರಬ್ಬರ್ ಮ್ಯಾಟು, ಮಳೆ ಬಿಸಿಲಿಗೆ ಮಾಡು, ಗಾರ್ಡುಗಳಿಗೂ ಹೌಸ್‌ಕೀಪಿಂಗ್ ಹೆಂಗಸರಿಗೂ ಬಾಗಿಲಿರುವ ಶೌಚಾಲಯ. ಸೆಕ್ಯುರಿಟಿ ಏಜೆನ್ಸಿಯ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ, ಪ್ರತಿಯೊಬ್ಬರ ಪಾದ ಅಳೆದು ಅದೇ ಅಳತೆಯ ಬೂಟು ಕೊಡಬೇಕು, ವರ್ಷಕ್ಕೊಮ್ಮೆ ಬದಲಿಸಬೇಕು, ಅದರ ಹಣವನ್ನು ಸಂಬಳದಲ್ಲಿ ಹಿಡಿಯಬಾರದು ಎಂಬ ಸಾಲು ಬರೆಸಿ. ವಾಹನ ಬಂದಾಗ ಎದ್ದು ಗೇಟು ತೆಗೆಯುವ ಗಾರ್ಡು ಉಳಿದ ಹೊತ್ತು ಕೂತಿರಬಹುದು ಎಂದು ಸಭೆಯ ನಡಾವಳಿಯಲ್ಲೇ ದಾಖಲಿಸಿ, ಅದರ ಪ್ರತಿಯನ್ನು ಕನ್ನಡದಲ್ಲಿ ಗೇಟಿನ ಕೋಣೆಯೊಳಗೆ ಅಂಟಿಸಿ. ಕೂತ ಗಾರ್ಡಿನ ಫೋಟೋ ಯಾರಾದರೂ ಗ್ರೂಪಿಗೆ ಹಾಕಿದರೆ, ಸಂಘದ ಕಾರ್ಯದರ್ಶಿ ಅದೇ ಗ್ರೂಪಿನಲ್ಲಿ ಆ ನಡಾವಳಿಯ ಪ್ರತಿಯನ್ನು ಹಾಕಲಿ.